‘ಲೇಬೇಕು’ಗಳಿಗೆ ಗೆರೆ ಎಳೆದ ಆರು ವಾರಗಳು

ನಾನು ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿರುವ ವಿಶ್ವವಿದ್ಯಾಲಯದ ಆಪ್ತಸಮಾಲೋಚನಾ ಕೇಂದ್ರವು ವಿದ್ಯಾರ್ಥಿಗಳಿಗೆ ಉಚಿತವಾಗಿ ನಡೆಸುವ ಗುಂಪು ಕಾರ್ಯಾಗಾರಕ್ಕೆ ಕಳೆದ ಸೆಮಿಸ್ಟರ್‌ನಲ್ಲಿ ಸೇರಿದ್ದೆ. ವಾರಕ್ಕೊಮ್ಮೆ ಒಂದೂವರೆ ಗಂಟೆಯಂತೆ ಆರು ವಾರ, ಗುಂಪಿನಲ್ಲಿ ಹನ್ನೆರಡು ಜನ. ಪಟ್ಟು ಸಡಿಲಿಸದ ಯೋಚನೆಗಳನ್ನು ಗುರುತಿಸುವುದು ಮತ್ತು ತನ್ನ ಬಗ್ಗೆ ಕರುಣೆಯಿಂದಿರಲು ಕಲಿಯುವುದು ಇದರ ಉದ್ದೇಶವೆಂದು ಸೂಚನಾಫಲಕದಲ್ಲಿತ್ತು. ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್‌ನಲ್ಲಿ 41 ಅಂಕ ಪಡೆದು, ಹಾಸ್ಟೆಲ್ ಮೆಸ್ಸಿಗೂ ಜನ ಕರಗಿದ ಮೇಲೆಯೇ ಹೋಗುತ್ತಿದ್ದ ನನಗೆ ಅದು ನನಗೆಂದೇ ಅಂಟಿಸಿದಂತೆ ಕಂಡಿತು.

ಮೊದಲ ದಿನ ಕೊಟ್ಟದ್ದು ಅಮೆರಿಕದ ಮನೋವಿಜ್ಞಾನಿ ಕ್ರಿಸ್ಟಿನ್ ನೆಫ್ 2003ರಲ್ಲಿ ಪ್ರಕಟಿಸಿದ, 26 ಹೇಳಿಕೆಗಳ ಪ್ರಶ್ನಾವಳಿಯ ಕನ್ನಡ ರೂಪ. ಪ್ರತಿ ಹೇಳಿಕೆಗೂ 1ರಿಂದ 5ರವರೆಗೆ ಅಂಕ ಹಾಕಬೇಕು. ತನ್ನನ್ನು ಹಳಿದುಕೊಳ್ಳುವುದು, ಈ ಕಷ್ಟ ತನಗೊಬ್ಬನಿಗೇ ಎಂದುಕೊಳ್ಳುವುದು, ನೋವಿನಲ್ಲೇ ಮುಳುಗಿಬಿಡುವುದು ಒಂದು ಕಡೆಯಾದರೆ, ತನ್ನೊಡನೆ ಮೃದುವಾಗಿರುವುದು, ಎಲ್ಲರೂ ಎಡವುತ್ತಾರೆಂಬ ಅರಿವು, ಆಗುತ್ತಿರುವುದನ್ನು ಸಮಚಿತ್ತದಿಂದ ಗಮನಿಸುವುದು ಇನ್ನೊಂದು ಕಡೆ. ಅನುವಾದದಲ್ಲಿ ಮಾತ್ರ ದೊಡ್ಡ ಎಡವಟ್ಟಾಗಿದೆ. ತನ್ನ ಬಗೆಗಿನ ಕರುಣೆಗೆ ಉದ್ದಕ್ಕೂ ‘ಸ್ವಾನುಕಂಪ’ ಎಂಬ ಪದ ಬಳಸಿದ್ದಾರೆ. ಕನ್ನಡದಲ್ಲಿ ಆ ಮಾತನ್ನು ‘ಅಯ್ಯೋ ನನ್ನ ಗತಿಯೇ’ ಎಂದು ಮರುಗುತ್ತ ಕೂರುವವರಿಗೆ ಹೇಳುತ್ತೇವೆ. ಬಿಡಿಸಲು ಹೊರಟ ಚಾಳಿಯ ಹೆಸರನ್ನೇ ಔಷಧಕ್ಕೂ ಇಟ್ಟಂತಾಯಿತು.

ನನಗೆ ನಿಜವಾಗಿ ದಕ್ಕಿದ್ದು ಮೂರನೆಯ ವಾರ. ಬಯಕೆಯು ಕಟ್ಟಪ್ಪಣೆಯಾದಾಗ ಮನಸ್ಸು ನರಳುತ್ತದೆ ಎಂಬುದು ಆಲ್ಬರ್ಟ್ ಎಲ್ಲಿಸ್ 1950ರ ದಶಕದಲ್ಲಿ ರೂಪಿಸಿದ ಚಿಕಿತ್ಸಾ ಪದ್ಧತಿಯ ಮುಖ್ಯ ವಿಚಾರ. ಆಪ್ತಸಮಾಲೋಚಕಿಯವರು ಅದನ್ನು ಇಂಗ್ಲಿಷ್ ಹಾಳೆಯಿಂದ ಓದಿ ಹೇಳಲಿಲ್ಲ. ಪರೀಕ್ಷೆಯ ಬಗ್ಗೆ ಕನ್ನಡದಲ್ಲಿ ಹತ್ತು ವಾಕ್ಯ ಬರೆಸಿ, ‘ಲೇಬೇಕು’, ‘ಲೇಬಾರದು’ ಬಂದಲ್ಲೆಲ್ಲ ಗೆರೆ ಎಳೆಯಲು ಹೇಳಿದರು. ನೆಟ್ (ಅಧ್ಯಾಪಕರ ಅರ್ಹತಾ ಪರೀಕ್ಷೆ) ಮೊದಲ ಸಲಕ್ಕೇ ಪಾಸಾಗಲೇಬೇಕು, ಅಪ್ಪನಿಗೆ ಈ ಅಂಕ ಗೊತ್ತಾಗಲೇಬಾರದು: ಹೀಗೆ ನನ್ನ ಹತ್ತರಲ್ಲಿ ಏಳಕ್ಕೆ ಗೆರೆ ಬಿತ್ತು. ‘ಪಾಸಾಗಬೇಕು’ ಎಂಬ ಆಸೆಯನ್ನು ‘ಪಾಸಾಗಲೇಬೇಕು’ ಎಂಬ ಶಿಕ್ಷೆಯಾಗಿಸಲು ಒಂದು ಏಕಾರ ಸಾಕೆಂಬುದು, ಹುಟ್ಟಿದಾಗಿನಿಂದ ಇದೇ ಭಾಷೆ ಆಡುತ್ತಿರುವ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಮದುವೆಗೆ ಕರೆಯುವವರ ‘ಬರಲೇಬೇಕು’ ಮಾತ್ರ ಇದಕ್ಕೆ ಹೊರತು ಎಂದು ಅವರೇ ನಗಿಸಿದರು.

ನಾಲ್ಕನೆಯ ವಾರ ಎರಡು ಪತ್ರ ಬರೆಯಬೇಕಿತ್ತು, ಅಷ್ಟೇ ಅಂಕ ಪಡೆದ ಗೆಳೆಯನಿಗೊಂದು, ತನಗೊಂದು. (ಗುಂಪಿನವರ ಮಾತನ್ನು ಹೊರಗೆ ಹೇಳುವುದಿಲ್ಲವೆಂದು ಸಹಿ ಹಾಕಿರುವುದರಿಂದ ನನ್ನದನ್ನಷ್ಟೇ ಹೇಳುತ್ತೇನೆ.) ಗೆಳೆಯನಿಗೆ ‘ಒಂದು ಪೇಪರ್ ತಾನೇ ಮಾರಾಯ, ಚಾ ಕುಡಿಯೋಣ ಬಾ’ ಎಂದು ಬರೆದ ಕೈಯೇ ನನಗೆ ‘ಈ ವಿಷಯ ಓದುವ ಯೋಗ್ಯತೆ ನಿನಗಿಲ್ಲ’ ಎಂದು ಬರೆದಿತ್ತು. ಎರಡನ್ನೂ ಅಕ್ಕಪಕ್ಕ ಇಡಿಸಿ ಐದು ನಿಮಿಷ ಸುಮ್ಮನೆ ಕೂರಿಸಿದರು, ಉಪದೇಶ ಮಾಡಲಿಲ್ಲ. ಕರುಣೆ ತೋರಿಕೊಂಡರೆ ಸೋಮಾರಿಯಾಗುತ್ತೇನೆಂಬ ಭಯ ನನಗಿತ್ತು. ಆದರೆ ಆ ರಾತ್ರಿ, ಟ್ರಂಕಿನ ತಳದಲ್ಲಿ ಬಚ್ಚಿಟ್ಟಿದ್ದ ಉತ್ತರಪತ್ರಿಕೆಯ ಪ್ರತಿಯನ್ನು ತೆಗೆದು, ಪಾರ್ಟಿಷನ್ ಫಂಕ್ಷನ್‌ನ ಲೆಕ್ಕ ಎಲ್ಲಿ ತಪ್ಪಿತ್ತೆಂದು ಮೊದಲ ಸಲ ನೋಡಿದೆ.

ಕೊನೆಯ ಎರಡು ವಾರ ಸಪ್ಪೆ. ಉಸಿರಾಟದ ಅಭ್ಯಾಸಕ್ಕೆ ಇಂಗ್ಲಿಷ್ ಧ್ವನಿಮುದ್ರಿಕೆ ಹಾಕಿ ಕೈತೊಳೆದುಕೊಂಡರು. ಕೋಣೆಗೆ ಗಾಜಿನ ಬಾಗಿಲು. ಕಾರಿಡಾರಿನಲ್ಲಿ ಹೋಗುವವರಿಗೆಲ್ಲ ಒಳಗೆ ಯಾರಿದ್ದಾರೆಂದು ಕಾಣುತ್ತದೆ. ಸಂಕೋಚದಿಂದಲೇ ಬರುವ ವಿದ್ಯಾರ್ಥಿಗಳಿಗೆ ಇದು ಸಣ್ಣ ವಿಷಯವಲ್ಲ, ಒಂದು ಪರದೆ ಹಾಕಿಸಬಹುದಿತ್ತು. ಶನಿವಾರ ಮಧ್ಯಾಹ್ನದ ನಂತರ ಅಲ್ಲಿ ಯಾರೂ ಸಿಗುವುದಿಲ್ಲ. ಅಂಥ ಹೊತ್ತಿಗೆಂದು, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆಯನ್ನು ಬಾಗಿಲಿಗೆ ಅಂಟಿಸಿದ್ದಾರೆ: 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಮುಂದಿನ ತಂಡಕ್ಕೆ ಸೇರುವವರು ಸೂಚನೆ ಬಂದ ದಿನವೇ ಹೆಸರು ಕೊಡುವುದು ಒಳ್ಳೆಯದು. ನಮ್ಮ ಸಲ ಹನ್ನೆರಡೂ ಜಾಗ ಸಂಜೆಯೊಳಗೆ ತುಂಬಿದ್ದವು. ಕೊಡಲೇಬೇಕೆಂದೇನಿಲ್ಲ.