ಹಳೆ ಬೆಳ್ಳಿ ರೂಪಾಯಿ: ತೊಳೆಯೋದಾ, ಹಾಗೇ ಬಿಡೋದಾ?

ನಾನು ಕಪ್ಪು ಬೆಳ್ಳಿಯ ಪಕ್ಷ. ಗದಗಿನ ಗೆಳೆಯನೊಬ್ಬ ಬಿಳಿ ಬೆಳ್ಳಿಯ ಪಕ್ಷ. ‘ಬೆಳ್ಳಿ ಅಂದಮ್ಯಾಲ ಹೊಳೀಬೇಕಪ್ಪ, ಇಲ್ಲಾಂದ್ರ ಕಬ್ಬಿಣ ಕೂಡ್ಸು’ ಅನ್ನುತ್ತಾನೆ.

ಒಮ್ಮೆ ಅವನ ಮಾತಿಗೆ ಮರುಳಾಗಿ ಹುಬ್ಬಳ್ಳಿಯಲ್ಲಿ ಫಳಫಳ ಅನ್ನುತ್ತಿದ್ದ 1862ರ ರಾಣಿ ರೂಪಾಯಿ, ಅಂದರೆ ವಿಕ್ಟೋರಿಯಾ ರಾಣಿಯ ಮುಖವಿರುವ ಬೆಳ್ಳಿ ನಾಣ್ಯ, ತಗೊಂಡೆ. ಆ ಹೊಳಪಿಗೇ ನಾನೂರು ರೂಪಾಯಿ ಜಾಸ್ತಿ ಕೊಟ್ಟಿದ್ದೆ. ಒಂದು ಮಳೆಗಾಲ ಕಳೆಯಿತು ನೋಡಿ, ಅಕ್ಷರಗಳ ಸಂದಿಯಲ್ಲೆಲ್ಲ ಚಹಾ ಕಲೆಯಂಥ ಕಂದು. ಆಮೇಲೆ ಹಟ ಹಿಡಿದು, ಸುಲಭವಾಗಿ ಸಿಗುವ ಐದನೇ ಜಾರ್ಜನ ನಾಲ್ಕು ರೂಪಾಯಿ ತಂದು ಒಂದೊಂದಕ್ಕೆ ಒಂದೊಂದು ಉಪಾಯ ಮಾಡಿದೆ.

ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್: ಇವು ಸಮೆ, ಆರತಿ ತಟ್ಟೆಗೆ ಸರಿ. ನಾಣ್ಯಕ್ಕೆ ಬೇಡ. ವಿಭೂತಿ, ಪೇಸ್ಟ್ ಹಚ್ಚಿ ತಿಕ್ಕಿದ್ದನ್ನು ಲೆನ್ಸಿನಡಿ ಇಟ್ಟರೆ ರಾಜನ ಕೆನ್ನೆ ತುಂಬ ಕೂದಲೆಳೆಯಂಥ ಗೀರು.

ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರು: ತಿಕ್ಕುವ ಕೆಲಸವಿಲ್ಲ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಕಪ್ಪು ಹೋಗುತ್ತದೆ. ಆದರೆ ಕಪ್ಪು ದಪ್ಪಗಿದ್ದ ಕಡೆ ಸುಣ್ಣ ಬಳಿದ ಗೋಡೆಯ ಹಾಗೆ ಮಂಕು.

ಇನ್ನು ಬೆಳ್ಳಿ ತೊಳೆಯುವ ದ್ರಾವಣ. ಗೆಳೆಯನ ಪ್ರೀತಿಯ ಬಾಟಲಿ. ಹತ್ತು ಸೆಕೆಂಡ್ ಅದ್ದಿದರೆ ಸಾಕು, ಹೊಸದಾಗಿ ಅಚ್ಚಾದಂತೆ ಬರುತ್ತದೆ. ನಾನೂ ಒಂದು ಕ್ಷಣ ಸೋತೆ. ತೊಂದರೆ ಶುರುವಾಗುವುದು ಆಮೇಲೆ. ದ್ರಾವಣ ಅಕ್ಷರಗಳ ಬುಡದಲ್ಲಿ, ಅಂಚಿನ ಹಲ್ಲುಗಳಲ್ಲಿ ಕೂತುಬಿಡುತ್ತದೆ. ನಾನು ತೊಳೆದದ್ದು ಬೋರಿನ ನೀರಲ್ಲಿ. ಒಣಗಿದ ಮೇಲೆ ಬಿಳಿ ಚುಕ್ಕೆ. ಬ್ಯಾಟರಿಗೆ ಹಾಕುವ ನೀರು ತಂದು ಮತ್ತೆ ತೊಳೆದೆ. ಚುಕ್ಕೆ ಹೋಯಿತು, ಒಂದೂವರೆ ತಿಂಗಳಿಗೆ ಅದೇ ಚಹಾ ಕಲೆ ಬಂತು. ನನ್ನ ರಾಣಿ ರೂಪಾಯಿಯ ಗುಟ್ಟು ಆಗ ತಿಳಿಯಿತು!

ಕಲೆ ಬಂತೆಂದು ಮತ್ತೆ ಅದ್ದಿದೆ. ಅಲ್ಲೇ ಎಡವಿದೆ. ಆ ಕಪ್ಪು ಹೊರಗಿನಿಂದ ಬಂದು ಕೂತ ಧೂಳಲ್ಲ, ಗಾಳಿಯ ಗಂಧಕ ಸೇರಿ ಬಣ್ಣ ತಿರುಗಿದ ಅದೇ ನಾಣ್ಯದ ಬೆಳ್ಳಿ. ಪ್ರತಿ ಸಲ ಅದ್ದಿದಾಗ ಅಷ್ಟು ಬೆಳ್ಳಿ ಬಾಟಲಿಗೆ ಹೋಗುತ್ತದೆ. ಮೂರನೇ ಸಲಕ್ಕೆ ಬಿಳುಪು ಇತ್ತು, ಬೆಳಕಿಗೆ ಹಿಡಿದು ತಿರುಗಿಸಿದರೆ ಓಡಾಡುತ್ತಿದ್ದ ಮಿಂಚು ಇರಲಿಲ್ಲ. ನಾಣ್ಯ ಮಾರುವವರೊಬ್ಬರಿಗೆ ತೋರಿಸಿದೆ. ಕೈಗೂ ತಗೊಳ್ಳದೆ ‘ತೊಳೆದದ್ದು’ ಅಂದರು.

ನಾಲ್ಕನೆಯದೇ ನನ್ನದು: ಅಸಿಟೋನ್. ಇದು ಕಪ್ಪನ್ನು ಮುಟ್ಟುವುದಿಲ್ಲ. ಎಣ್ಣೆ, ಬೆರಳಿನ ಜಿಡ್ಡು, ಕೆಟ್ಟ ಪ್ಲಾಸ್ಟಿಕ್ ಕವರಿನಿಂದ ಹತ್ತಿದ ಹಸಿರು ಅಂಟು, ಇವನ್ನಷ್ಟೇ ತೆಗೆಯುತ್ತದೆ. ಲ್ಯಾಬ್ ಸಾಮಾನಿನ ಅಂಗಡಿಯ ಶುದ್ಧ ಅಸಿಟೋನ್ ಬೇಕು, ಉಗುರುಬಣ್ಣ ತೆಗೆಯುವುದು ನಡೆಯಲ್ಲ. ಗಾಜಿನ ಬಟ್ಟಲಲ್ಲೇ ಹಾಕಿ. ನನ್ನ ಪ್ಲಾಸ್ಟಿಕ್ ಡಬ್ಬಿ ಮೆತ್ತಗಾಗಿ ಕೂತಿತು. ಕಿಟಕಿ ತೆರೆದಿರಲಿ, ಒಲೆ, ದೀಪ ಹತ್ತಿರ ಇರಬಾರದು.

ಇದರ ಮೇಲೆ ಮನಸ್ಸು ಕೂತದ್ದು ಇನ್ನೊಂದು 1862ರಿಂದ. ಯಾರದೋ ಮನೆಯ ಲಕ್ಷ್ಮೀಪೂಜೆಯಲ್ಲಿದ್ದ ರೂಪಾಯಿ, ಕುಂಕುಮ ಎಣ್ಣೆ ಕೂಡಿ ಗಟ್ಟಿಯಾಗಿತ್ತು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಹತ್ತಿಯನ್ನು ಒತ್ತಿ ಒತ್ತಿ ತೆಗೆದೆ, ಉಜ್ಜಲಿಲ್ಲ. ಕೆಂಪು ಬಿಡುತ್ತ ಬಂದಂತೆ ಇಸವಿಯ ಕೆಳಗೆ ಸಾಸಿವೆಗಿಂತ ಸಣ್ಣ ಚುಕ್ಕೆಯೊಂದು ಎದ್ದು ಬಂತು. 1874ರವರೆಗೂ ಅಚ್ಚು ಹಾಕಿದರೂ ಇಸವಿ ಮಾತ್ರ 1862 ಎಂದೇ ಇಡುತ್ತಿದ್ದರು, ನಿಜವಾದ ವರ್ಷ ಹುಡುಕಲು ಈ ಚುಕ್ಕೆಗಳೇ ಆಧಾರ. ಸುತ್ತಲಿನ ಬೂದುಗಪ್ಪು ಹಾಗೇ ಉಳಿದಿತ್ತು. ಅದರಿಂದಲೇ ರಾಣಿಯ ಜಡೆಯ ಎಳೆ ಎಳೆ ಕಾಣುತ್ತದೆ.

ಗೆಳೆಯ ಒಪ್ಪಿಲ್ಲ. ಅವನ ರೂಪಾಯಿಗಳು ಗಾಜಿನ ಕಪಾಟಿನಲ್ಲಿ, ಬಂದವರು ನೋಡಿ ಹೊಗಳಬೇಕು. ನನ್ನವು ಕಪಾಟಿನ ಒಳಗೆ, ಅವನ್ನು ನೋಡುವವನು ನಾನೊಬ್ಬನೇ. ವರ್ಷಕ್ಕೆ ನಾಲ್ಕೈದು ನಾಣ್ಯ ಕೊಳ್ಳುವ ನನಗೆ ಒಂದು ಬಾಟಲಿ ಅಸಿಟೋನ್ ಎರಡು ವರ್ಷ ಬರುತ್ತದೆ.

ಮೂರು ಸಲ ಅದ್ದಿದ ಜಾರ್ಜ್ ಈಗ ಅವ್ವನ ದೇವರ ಮಾಡದಲ್ಲಿದ್ದಾನೆ. ದೀಪಾವಳಿಗೆ ಹುಣಸೆಹಣ್ಣು ಹಚ್ಚಿ ಗಸಗಸ ತಿಕ್ಕುತ್ತಾಳೆ. ನಾನು ಆ ಕಡೆ ನೋಡಲ್ಲ.