ಲಿಚೆಸ್ ಆಪ್: ಎನ್ ಪಾಸಾಂ ಕಲಿಯೋಕೆ ಫೀಸ್ ಕಟ್ಟಬೇಕಿಲ್ಲ

ಬೇಸಿಗೆ ರಜೆ ಬಂದರೆ ಸಾಕು, ಮೈಸೂರಲ್ಲಿ ಮಕ್ಕಳನ್ನು ಚೆಸ್ ಕ್ಲಾಸಿಗೆ ಸೇರಿಸುವ ಗಡಿಬಿಡಿ ಶುರು. ಅದಕ್ಕೂ ಮೊದಲು ಲಿಚೆಸ್ ಅನ್ನೋ ಚೆಸ್ ಆಪ್ ಹಾಕಿಕೊಂಡು ನೋಡಿ. ದುಡ್ಡಿಲ್ಲ, ಜಾಹೀರಾತೂ ಇಲ್ಲ, ದೇಣಿಗೆಯಲ್ಲೇ ನಡೆಯುತ್ತದೆ. ನನಗೆ ಇದು ಹಿಡಿಸಿದ್ದು ಮುಖ್ಯವಾಗಿ ಎನ್ ಪಾಸಾಂ ಅನ್ನೋ ಚೆಸ್ ನಿಯಮದ ತಲೆನೋವಿನಿಂದ.

ನಿಯಮ ಇಷ್ಟೇ. ನಿಮ್ಮ ಪಾನ್ (ಕಾಲಾಳು) ನಿಮ್ಮ ಕಡೆಯಿಂದ ಐದನೇ ಸಾಲಿನಲ್ಲಿ ನಿಂತಿದೆ. ಎದುರಾಳಿ ತನ್ನ ಪಾನನ್ನು ಮೊದಲ ನಡೆಯಲ್ಲೇ ಎರಡು ಮನೆ ನುಗ್ಗಿಸಿ ನಿಮ್ಮದರ ಮಗ್ಗುಲಿಗೆ ತಂದಿಡುತ್ತಾನೆ. ಅದು ಒಂದೇ ಮನೆ ನಡೆದಿದ್ದರೆ ಹೇಗೆ ಹೊಡೆಯುತ್ತಿದ್ದಿರೋ ಹಾಗೇ ಈಗಲೂ ಓರೆಯಾಗಿ ಹೊಡೆಯಬಹುದು, ಆದರೆ ತಕ್ಷಣದ ನಡೆಯಲ್ಲೇ, ಅದೂ ಪಾನಿನಿಂದ ಮಾತ್ರ. ನಿಮ್ಮ ಕಾಯಿ ಹೋಗಿ ಕೂರುವುದು ಖಾಲಿ ಮನೆಯಲ್ಲಿ. ಮಕ್ಕಳು ಮೋಸ ಅಂತ ಕೂಗೋದು ಅಲ್ಲೇ!

ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗಲ್ಲ. ಲಿಚೆಸ್‌ನ ಅನಾಲಿಸಿಸ್ ಬೋರ್ಡ್ ತೆರೆದು ಎರಡೂ ಕಡೆಯ ಪಾನ್ ನೀವೇ ನಡೆಸಿ (ಅಕ್ಷರ ಅಂದರೆ ನೇರ ಸಾಲು, ಅಂಕಿ ಅಂದರೆ ಅಡ್ಡ ಸಾಲು): ಬಿಳಿ ಇ4, ಕಪ್ಪು ಎ6, ಬಿಳಿ ಇ5, ಕಪ್ಪು ಡಿ5. ಈಗ ಇ5ರ ಪಾನ್ ಮುಟ್ಟಿದರೆ ಡಿ6ರ ಖಾಲಿ ಮನೆಯಲ್ಲಿ ಚುಕ್ಕಿ ಕಾಣುತ್ತದೆ. ಅಲ್ಲಿಗೆ ಇಟ್ಟರೆ ಡಿ5ರ ಕಪ್ಪು ಪಾನ್ ಮಾಯ. ಒಂದು ನಡೆ ಹಿಂದಕ್ಕೆ ಹೋಗಿ ಹೊಡೆಯುವ ಬದಲು ಬೇರೆ ಕಾಯಿ ಆಡಿ, ಕಪ್ಪಿನದೂ ಒಂದು ನಡೆ ಆಡಿ, ಮತ್ತೆ ಅದೇ ಪಾನ್ ಮುಟ್ಟಿ. ಡಿ6ರಲ್ಲಿ ಚುಕ್ಕಿ ಇಲ್ಲ! ಅವಕಾಶ ಹೋಯಿತು. ನನ್ನ ಮಗಳಿಗೆ ಇಷ್ಟು ಸಾಕಾಯಿತು. ಕಲಿಕೆ ವಿಭಾಗದಲ್ಲಿ ನಕ್ಷತ್ರ ಗಳಿಸುವ ಪಾಠವೂ ಇದೆ, ಚಿಕ್ಕವರಿಗೆ ಅದು ಜಾಸ್ತಿ ಇಷ್ಟ.

ಆದರೆ ಪಾಠ ಹೇಗೆ ಅನ್ನೋದನ್ನು ಹೇಳುತ್ತದೆ, ಯಾಕೆ ಅನ್ನೋದನ್ನಲ್ಲ. ಅದಕ್ಕೆ ಮನೆಯ ಹಿರಿಯರನ್ನು ಕೇಳಿ. ನಮ್ಮ ಮಾವನವರು ಆಡೋದು ಹಳೇ ಚದುರಂಗ, ಅದರಲ್ಲಿ ಕಾಲಾಳು ಯಾವಾಗಲೂ ಒಂದೇ ಮನೆ ನಡೆಯೋದು. ಹಾಗಾಗಿ ನಿಮ್ಮ ಕಾಲಾಳು ಕಾಯುತ್ತಿರುವ ಮನೆಯನ್ನು ತಪ್ಪಿಸಿಕೊಂಡು ಹೋಗುವ ಪ್ರಶ್ನೆಯೇ ಇಲ್ಲ. ಯುರೋಪಿನಲ್ಲಿ ಆಟ ಬೇಗ ಸಾಗಲಿ ಅಂತ ಮೊದಲ ನಡೆಗೆ ಎರಡು ಮನೆ ಬಿಟ್ಟರು, ಆಗ ಕಾವಲು ದಾಟಿ ನುಸುಳುವ ದಾರಿ ಸಿಕ್ಕಿತು, ಅದನ್ನು ಮುಚ್ಚೋಕೆ ಈ ನಿಯಮ. ಎಲ್ಲರೂ ಒಟ್ಟಿಗೇನೂ ಒಪ್ಪಲಿಲ್ಲ, ಇಟಲಿಯವರು 1880ರ ಸುಮಾರಿನವರೆಗೂ ಎಳೆದಾಡಿದರು. ಚದುರಂಗದ ಹುಚ್ಚಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಊರಿನಲ್ಲಿ ಹಳೇ ನಿಯಮ ಇನ್ನೂ ಉಳಿದಿದ್ದರೆ ಆಶ್ಚರ್ಯ ಏನಿಲ್ಲ ಬಿಡಿ.

ಒಂದು ಎಚ್ಚರಿಕೆ. ಆಪ್‌ನಲ್ಲಿ ಹೊಡೆದ ಪಾನ್ ತಾನೇ ಹೋಗುತ್ತದೆ, ಮರದ ಬೋರ್ಡಿನಲ್ಲಿ ಕೈಯಿಂದ ತೆಗೆಯಬೇಕು. ಮಕ್ಕಳು ಅದನ್ನು ಅಲ್ಲೇ ಬಿಟ್ಟುಬಿಡುತ್ತಾರೆ. ಚುಕ್ಕಿ ನೋಡಿ ಆಡೋ ಅಭ್ಯಾಸವೂ ಬೇಗ ಅಂಟಿಕೊಳ್ಳುತ್ತದೆ. ನಿಯಮ ಗೊತ್ತಾದ ಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಚುಕ್ಕಿ ಬರದ ಹಾಗೆ ಮಾಡಿ. ಟೂರ್ನಮೆಂಟಿಗೆ ಕಳಿಸೋ ಯೋಚನೆ ಇದ್ದರೆ ಕ್ಲಾಸ್ ಬೇಕೇ ಬೇಕು, ಬರೀ ನಿಯಮ ಕಲಿಯೋಕೆ ಬೇಡ. ಐದಕ್ಕೆ ನಾಲ್ಕೂವರೆ ಸ್ಟಾರ್.