ಟವರ್ ಸಿಗದ ದಾರಿಗೆ ಫೋನ್ ಒಂದನ್ನೇ ನಂಬಿಕೊಂಡು ಹೊರಡಬೇಡಿ

ಕಾರಿನಲ್ಲಿ ದಾರಿ ನೋಡಲು ಫೋನ್ ಸಾಕಾ, ಇಲ್ಲಾ ಅದಕ್ಕಂತಲೇ ಇರುವ ಜಿಪಿಎಸ್ ಸಾಧನ ತಗೋಬೇಕಾ ಅಂತ ಯಾರೇ ಕೇಳಲಿ, ಬರುವ ಉತ್ತರ ಒಂದೇ. ಫೋನ್ ಇರುವಾಗ ಅದೆಲ್ಲ ಯಾಕೆ, ಸುಮ್ನೆ ದುಡ್ಡು ದಂಡ. ಊರೊಳಗೆ ಓಡಾಡುವವರಿಗೆ ಈ ಮಾತು ಸರಿಯೇ. ಆದರೆ ಬೆಟ್ಟ, ಕಾಡು, ನೆಟ್‌ವರ್ಕ್ ಸಿಗದ ಜಾಗಗಳನ್ನು ದಾಟಿ ದೂರ ಹೋಗುವವರು ಇದನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಹೊರಡುವವರಂತೂ ಖಂಡಿತ ಬೇಡ. ನಮಗೆ ಆದದ್ದನ್ನು ಹೇಳುತ್ತೇನೆ.

ಕಾರಿನಲ್ಲಿ ಅಕ್ಕ, ಭಾವ, ಅವರ ಚಿಕ್ಕ ಮಗಳು ಮತ್ತು ನಾನು ಇದ್ದೆವು. ಭಾವ ಓಡಿಸುತ್ತಿದ್ದರು. ಫೋನ್ ಮುಂದಿನ ಗಾಜಿಗೆ ಅಂಟಿಸಿದ ಹೋಲ್ಡರ್‌ನಲ್ಲಿತ್ತು, ಚಾರ್ಜಿಂಗ್ ವೈರೂ ಹಾಕಿತ್ತು. ಮನೆಯಿಂದ ಹೊರಡುವಾಗಲೇ ದಾರಿ ಹಾಕಿಕೊಂಡಿದ್ದೆವು. ಬೆಟ್ಟ ಹತ್ತುತ್ತಿದ್ದಂತೆ ನೆಟ್‌ವರ್ಕ್ ಹೋಯಿತು. ಅದರಿಂದ ತೊಂದರೆಯೇನೂ ಕಾಣಲಿಲ್ಲ, ನೀಲಿ ಗೆರೆ ಹಾಗೇ ಇತ್ತು, ನಮ್ಮ ಬಾಣ ಅದರ ಮೇಲೇ ಸಾಗುತ್ತಿತ್ತು, ಮುಂದಿನ ತಿರುವು ಎಷ್ಟು ದೂರ ಅಂತಲೂ ಹೇಳುತ್ತಿತ್ತು. ಒಂದು ಕಡೆ ಮಣ್ಣು ಕುಸಿದು ರಸ್ತೆಗೆ ಬ್ಯಾರಿಕೇಡ್ ಅಡ್ಡ ಇಟ್ಟಿದ್ದರು. ಅಲ್ಲಿ ನಿಂತಿದ್ದವರೊಬ್ಬರು ಎಡಗಡೆಯ ಸಣ್ಣ ರಸ್ತೆ ತೋರಿಸಿ, ಈ ಕಡೆಯಿಂದ ಸುತ್ತಿಕೊಂಡು ಹೋಗಿ ಅಂದರು. ಬೇರೆ ದಾರಿ ಇರಲಿಲ್ಲ, ತಿರುಗಿಸಿದೆವು.

ಫೋನಿನಲ್ಲಿ 'ರೀರೂಟಿಂಗ್', ಅಂದರೆ ಹೊಸ ದಾರಿ ಹುಡುಕುತ್ತಿದ್ದೇನೆ ಅಂತ ಬಂತು. ಬಂದದ್ದು ಹೋಗಲೇ ಇಲ್ಲ. ನೀಲಿ ಗೆರೆ ಪರದೆಯ ಅಂಚಿಗೆ ಸರಿಯಿತು, ಆಮೇಲೆ ಅದೂ ಕಾಣಲಿಲ್ಲ. ನಾವು ಹೋಗುತ್ತಿದ್ದ ರಸ್ತೆ ನಕ್ಷೆಯಲ್ಲಿ ಇರಲೇ ಇಲ್ಲ. ಬೂದು ಬಣ್ಣದ ಖಾಲಿ ಜಾಗ, ಅದರ ಮೇಲೆ ಒಂದು ಬಾಣ, ಅಷ್ಟೇ. ಸ್ವಲ್ಪ ಮುಂದೆ ದಾರಿ ಎರಡಾಗಿ ಒಡೆದಿತ್ತು. ಭಾವ ಕಾರು ನಿಲ್ಲಿಸಿ, "ಏನು ತೋರಿಸ್ತಿದೆಯಪ್ಪಾ ಅದರಲ್ಲಿ, ಎಡಕ್ಕೋ ಬಲಕ್ಕೋ?" ಅಂತ ಕೇಳಿದರು. "ಏನೂ ಇಲ್ಲ ಭಾವ, ಬರೀ ಬಾಣ ಇದೆ" ಅಂದೆ. ಅಕ್ಕ ತನ್ನ ಫೋನ್ ತೆಗೆದಳು. ಅವಳದ್ದು ಬೇರೆ ಕಂಪನಿಯ ಸಿಮ್, ಅದರಲ್ಲೂ ಒಂದು ಕಡ್ಡಿ ಸಿಗ್ನಲ್ ಇಲ್ಲ.

ಇಲ್ಲೊಂದು ವಿಷಯ ಎಲ್ಲರೂ ತಿಳಿದುಕೊಳ್ಳಬೇಕು. ಜಿಪಿಎಸ್‌ಗೆ ಇಂಟರ್ನೆಟ್ ಬೇಡವೇ ಬೇಡ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಂಕೇತ ಕಳಿಸುತ್ತಲೇ ಇರುತ್ತವೆ, ಫೋನ್ ಅದನ್ನು ಹಿಡಿಯುತ್ತದೆ, 4 ಉಪಗ್ರಹ ಸಿಕ್ಕರೆ ನಾವು ಎಲ್ಲಿದ್ದೇವೆ ಅಂತ ಲೆಕ್ಕ ಹಾಕುತ್ತದೆ. ಫೋನ್ ಏನನ್ನೂ ವಾಪಸ್ ಕಳಿಸುವುದಿಲ್ಲ. ಅದಕ್ಕೇ ನಮ್ಮ ಬಾಣ ಆಗ ಸರಿಯಾಗಿ ಓಡಾಡುತ್ತಿತ್ತು. ಆದರೆ ಆ ಜಾಗದಲ್ಲಿ ರಸ್ತೆ ಯಾವುದು, ಯಾವುದು ಎಲ್ಲಿಗೆ ಹೋಗುತ್ತದೆ ಅನ್ನುವುದು ನಕ್ಷೆಯ ಕೆಲಸ. ಮೊದಲೇ ಇಳಿಸಿಕೊಂಡಿರದಿದ್ದರೆ ಫೋನಿಗೆ ಆ ನಕ್ಷೆಯೂ, ಹೊಸ ದಾರಿಯ ಲೆಕ್ಕವೂ ಇಂಟರ್ನೆಟ್‌ನಿಂದಲೇ ಬರಬೇಕು. ಹೊರಡುವಾಗ ಕೊಟ್ಟ ಗೆರೆಯ ಮೇಲೆ ಇರುವ ತನಕ ಎಲ್ಲ ಚೆನ್ನಾಗಿದೆ ಅನಿಸುತ್ತದೆ. ಗೆರೆ ಬಿಟ್ಟ ಕ್ಷಣಕ್ಕೆ ಫೋನ್ ಕೈ ಚೆಲ್ಲುತ್ತದೆ. ನನಗೆ ತುಂಬಾ ಅಪಾಯ ಅನಿಸುವುದು ಇದೇ. ಯಾಕಂದರೆ ಸಹಾಯ ಬೇಕಾಗುವುದೇ ಗೆರೆ ಬಿಟ್ಟಾಗ ಅಲ್ವಾ?

ಬಲಕ್ಕೆ ಹೋದೆವು. ಮರಗಳು ಮುಗಿದು ಬೋಳು ಗುಡ್ಡ ಬಂತು, ಮಧ್ಯಾಹ್ನದ ಬಿಸಿಲು ನೇರ ಗಾಜಿಗೆ ಹೊಡೆಯುತ್ತಿತ್ತು. ಎಸಿ ಇತ್ತು, ಆದರೆ ಗಾಜಿಗೆ ಅಂಟಿಕೊಂಡ ಫೋನಿಗೆ ಅದು ತಾಗುತ್ತಿರಲಿಲ್ಲ. ಮೊದಲು ಪರದೆ ತಾನಾಗಿ ಮಂಕಾಯಿತು, ಬ್ರೈಟ್‌ನೆಸ್ ಎಷ್ಟು ಏರಿಸಿದರೂ ಏರಲಿಲ್ಲ. ಆಮೇಲೆ ಬಿಸಿ ಜಾಸ್ತಿಯಾಗಿದೆ, ಚಾರ್ಜಿಂಗ್ ನಿಲ್ಲಿಸಲಾಗಿದೆ ಅಂತ ಸೂಚನೆ ಬಂತು. ಕೈಗೆ ತಗೊಂಡರೆ ಹಿಂಬದಿ ಮುಟ್ಟಲಾಗದಷ್ಟು ಸುಡುತ್ತಿತ್ತು. ಕೊನೆಗೆ ಫೋನೇ ಆಫ್ ಆಯಿತು.

ಇದು ನಮ್ಮ ಒಂದು ಫೋನಿನ ದೋಷ ಅಂದುಕೊಳ್ಳಬೇಡಿ. ಆ್ಯಪಲ್ ತನ್ನ ಐಫೋನನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಒಳಗಿನ ವಾತಾವರಣದಲ್ಲಿ ಬಳಸಿ ಅಂತ ತಾನೇ ಹೇಳುತ್ತದೆ. ಬಿಸಿಲಲ್ಲಿ ಮುಂದಿನ ಗಾಜಿನ ಹಿಂದಿನ ಜಾಗ ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಅದರ ಮೇಲೆ ಪರದೆ ಪೂರ್ತಿ ಬೆಳಕಿನಲ್ಲಿ ಉರಿಯುತ್ತಿರುತ್ತದೆ, ಜಿಪಿಎಸ್ ನಡೆಯುತ್ತಿರುತ್ತದೆ, ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಫೋನ್ ಟವರ್ ಹುಡುಕಿ ಹುಡುಕಿ ಇನ್ನೂ ಜಾಸ್ತಿ ಬ್ಯಾಟರಿ ತಿನ್ನುತ್ತದೆ, ಚಾರ್ಜಿಂಗ್‌ನ ಬಿಸಿ ಬೇರೆ. ಎಲ್ಲ ಸೇರಿ ಫೋನನ್ನು ಬೇಯಿಸುತ್ತವೆ. ಇನ್ನೊಂದು ಮಾತು. ಹಳೆಯ ಕಾರುಗಳ ಯುಎಸ್‌ಬಿ ಪೋರ್ಟ್ ಎಷ್ಟೋ ಸಲ 0.5 ಆಂಪಿಯರ್ ಮಾತ್ರ ಕೊಡುತ್ತದೆ. ವೈರ್ ಹಾಕಿದ್ದರೂ ಚಾರ್ಜ್ ಇಳಿಯುತ್ತಾ ಹೋಗುವುದು ಇದಕ್ಕೇ. ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕುವ ಒಳ್ಳೆಯ ಚಾರ್ಜರ್ ಬಳಸಿ.

ನೆರಳಿನಲ್ಲಿ ನಿಲ್ಲಿಸಿ, ಫೋನ್ ತಣ್ಣಗಾದ ಮೇಲೆ ಆನ್ ಮಾಡಿದೆವು. ಈಗ ಬಾಣವೂ ಸರಿಯಿಲ್ಲ. ತುಂಬಾ ಹೊತ್ತು ಯಾವುದೋ ಹಳೆಯ ಜಾಗ ತೋರಿಸುತ್ತಾ ಕೂತಿತ್ತು. ಇದಕ್ಕೂ ಕಾರಣ ನೆಟ್‌ವರ್ಕೇ ಅಂತ ಆಮೇಲೆ ಓದಿ ತಿಳಿದೆ. ಯಾವ ಉಪಗ್ರಹ ಎಲ್ಲಿದೆ ಅನ್ನುವ ಮಾಹಿತಿಯನ್ನು ಫೋನ್ ಮಾಮೂಲಾಗಿ ಇಂಟರ್ನೆಟ್‌ನಿಂದ ತಕ್ಷಣ ತರಿಸಿಕೊಳ್ಳುತ್ತದೆ. ಅದು ಸಿಗದಿದ್ದಾಗ ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು, ಅಲ್ಲಿಂದ ಅದು ಬರುವುದು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ. ಒಂದೊಂದು ಉಪಗ್ರಹ ತನ್ನ ವಿವರವನ್ನು 30 ಸೆಕೆಂಡಿಗೊಮ್ಮೆ ಮತ್ತೆ ಹೇಳುತ್ತದೆ. ಮರದ ಕೆಳಗೆ ಸಂಕೇತ ಕಡಿದು ಕಡಿದು ಬಂದರೆ ಮತ್ತೆ ಮೊದಲಿಂದ ಕಾಯಬೇಕು. ಹಾಗಾಗಿ ಟವರ್ ಇಲ್ಲದ ಕಡೆ ಫೋನನ್ನು ಆಫ್ ಮಾಡಿ ಆನ್ ಮಾಡುವ ಮೊದಲು ಯೋಚಿಸಿ. ಮಾಡಲೇಬೇಕಾದರೆ ಆಕಾಶ ಕಾಣುವ ಬಯಲಲ್ಲಿ ಸ್ವಲ್ಪ ಹೊತ್ತು ನಿಂತುಕೊಳ್ಳಿ.

ಕತ್ತಲಾಗುವ ಹೊತ್ತಿಗೆ ಎದುರಿಗೆ ಒಂದು ಜೀಪ್ ಬಂತು. ಅವರು ನಮ್ಮನ್ನು ವಾಪಸ್ ಕರೆದುಕೊಂಡು ಹೋಗಿ ದೊಡ್ಡ ರಸ್ತೆಗೆ ಬಿಟ್ಟರು. ನಾವು ಹೋಗುತ್ತಿದ್ದ ದಾರಿ ಮುಂದೆ ಒಂದು ಹಳ್ಳದ ಹತ್ತಿರ ಮುಗಿಯುತ್ತಿತ್ತಂತೆ. ಪೆಟ್ರೋಲ್ ಮುಳ್ಳು ಕೆಳಗೆ ಇಳಿದಿತ್ತು, ಕುಡಿಯುವ ನೀರು ಖಾಲಿಯಾಗುತ್ತಾ ಬಂದಿತ್ತು, ಮಗು ಅತ್ತು ಅತ್ತು ನಿದ್ದೆ ಹೋಗಿತ್ತು. ಆ ಜೀಪ್ ಬರದಿದ್ದರೆ ಅನ್ನುವುದನ್ನು ಅಕ್ಕ ಈಗಲೂ ನೆನೆಸಿಕೊಂಡು ಹೆದರುತ್ತಾಳೆ.

ನಕ್ಷೆಯೇ ತಪ್ಪಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಉದಾಹರಣೆ ಇದೆ. 2012ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಪೊಲೀಸರು ಆ್ಯಪಲ್ ಮ್ಯಾಪ್ಸ್ ಬಗ್ಗೆ ಎಚ್ಚರಿಕೆ ಕೊಟ್ಟಿದ್ದರು. ಮಿಲ್ಡುರಾ ಅನ್ನುವ ಪಟ್ಟಣಕ್ಕೆ ದಾರಿ ಕೇಳಿದವರನ್ನು ಅದು ಸುಮಾರು 70 ಕಿಲೋಮೀಟರ್ ದೂರದ ಮರ್ರೆ-ಸನ್‌ಸೆಟ್ ರಾಷ್ಟ್ರೀಯ ಉದ್ಯಾನದ ನಡುವೆ ತಂದು ಬಿಡುತ್ತಿತ್ತು. ಅಲ್ಲಿ ನೀರಿಲ್ಲ, ಬಿಸಿಲು 46 ಡಿಗ್ರಿ ತನಕ ಏರುತ್ತದೆ. ಆ ತಪ್ಪನ್ನು ಬೇಗ ಸರಿಪಡಿಸಿದರು, ಆದರೆ ಅಷ್ಟರಲ್ಲೇ ಕೆಲವರು ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು.

ಹಾಗಾದರೆ ಏನು ಮಾಡಬೇಕು? ಫೋನನ್ನೇ ಬಳಸುವುದಾದರೆ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ. ಬರೀ ಹೋಗುವ ದಾರಿಯ ಸುತ್ತಮುತ್ತ ಅಲ್ಲ, ಎರಡೂ ಕಡೆ ಧಾರಾಳವಾಗಿ ಜಾಗ ಬಿಟ್ಟು ಇಡೀ ಪ್ರದೇಶವನ್ನೇ ಇಳಿಸಿ. ಇಳಿಸಿದ ಮೇಲೆ ಮನೆಯಲ್ಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆ ಪ್ರದೇಶದ ಎರಡು ಸಣ್ಣ ಊರುಗಳ ನಡುವೆ ದಾರಿ ಕೇಳಿ ನೋಡಿ. ದಾರಿ ಬಂದರೆ ಮಾತ್ರ ನಂಬಿ. ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ನಕ್ಷೆಗೆ ಅವಧಿ ಇರುತ್ತದೆ, ಅಪ್‌ಡೇಟ್ ಆಗದಿದ್ದರೆ ಅದು ಅಳಿದುಹೋಗುತ್ತದೆ. ಆಫ್‌ಲೈನ್ ಇದ್ದಾಗ ಟ್ರಾಫಿಕ್ ಕೂಡ ತೋರಿಸುವುದಿಲ್ಲ. ಎರಡನೆಯದಾಗಿ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಎಸ್‌ಎಂಆ್ಯಂಡ್ ಅನ್ನುವ ಆ್ಯಪ್ ಇಟ್ಟುಕೊಳ್ಳಿ, ಎರಡೂ ಜನರೇ ಸೇರಿ ಬಿಡಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಬಳಸುತ್ತವೆ, ದಾರಿಯ ಲೆಕ್ಕವನ್ನು ಫೋನಿನೊಳಗೇ ಮಾಡುತ್ತವೆ. ಕಾಡುದಾರಿಗಳು ಎಷ್ಟೋ ಸಲ ಇದರಲ್ಲೇ ಚೆನ್ನಾಗಿ ಸಿಗುತ್ತವೆ. ಹೋಲ್ಡರನ್ನು ಗಾಜಿನಿಂದ ತೆಗೆದು ಎಸಿ ಗಾಳಿ ಬರುವ ಕಿಂಡಿಗೆ ಹಾಕಿ. ಫೋನಿನ ಕವರ್ ಬಿಚ್ಚಿಡಿ.

ಟವರ್ ಇಲ್ಲದ ಕಡೆ ಆಗಾಗ ಹೋಗುವವರಾದರೆ ಬೇರೆ ಜಿಪಿಎಸ್ ಸಾಧನ ತಗೊಳ್ಳಿ ಅಂತಲೇ ನನ್ನ ಮಾತು. ಇಡೀ ದೇಶದ ನಕ್ಷೆ ಅದರೊಳಗೇ ಇರುತ್ತದೆ. ದಾರಿ ತಪ್ಪಿದರೂ ಹೊಸ ದಾರಿ ಅದೇ ಲೆಕ್ಕ ಹಾಕುತ್ತದೆ. ಗಾಜಿನ ಹಿಂದೆ ಕೂರಲೆಂದೇ ಅದನ್ನು ಮಾಡಿರುತ್ತಾರೆ. ಮುಖ್ಯವಾಗಿ ನಿಮ್ಮ ಫೋನ್ ಚಾರ್ಜ್ ತುಂಬಿಕೊಂಡು ಬ್ಯಾಗಿನಲ್ಲಿ ತಣ್ಣಗೆ ಉಳಿಯುತ್ತದೆ, ಕಷ್ಟ ಬಂದರೆ ಕರೆ ಮಾಡಲು ಅದು ಬೇಕು. ಊರೊಳಗಿನ ಟ್ರಾಫಿಕ್‌ನಲ್ಲಿ, ಹೊಸ ಅಂಗಡಿ ಹುಡುಕುವುದರಲ್ಲಿ ಫೋನೇ ಮೇಲು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಇಲ್ಲೂ ಮೋಸ ಹೋಗಬೇಡಿ. ಸಾಧನದೊಳಗಿನ ಬ್ಯಾಟರಿ ಸಣ್ಣದು, ಕಾರಿನ ಕರೆಂಟಿಲ್ಲದೆ ಜಾಸ್ತಿ ಹೊತ್ತು ಬರುವುದಿಲ್ಲ. ಗಾಜಿಗೆ ಬಿಸಿಲು ತಡೆಯುವ ಲೋಹದ ಲೇಪನ ಇದ್ದರೆ ಸಂಕೇತ ದುರ್ಬಲವಾಗುತ್ತದೆ, ಇದು ಫೋನಿಗೂ ಅನ್ವಯ. ಪೆಟ್ಟಿಗೆ ಮೇಲೆ 'ಲೈಫ್‌ಟೈಮ್ ಮ್ಯಾಪ್' ಅಂತ ಬರೆದಿದ್ದರೆ ಅದು ನಿಮ್ಮ ಜೀವಮಾನವಲ್ಲ, ಆ ಸಾಧನಕ್ಕೆ ಕಂಪನಿ ಇಟ್ಟುಕೊಂಡ ಆಯುಸ್ಸು. 2018ರಲ್ಲಿ ಇಂಥ ಸಾಧನ ಮಾಡುವ ಟಾಮ್‌ಟಾಮ್ ಕಂಪನಿ ತನ್ನ ಕೆಲವು ಹಳೆಯ ಮಾಡೆಲ್‌ಗಳಿಗೆ ಇನ್ನು ನಕ್ಷೆ ಅಪ್‌ಡೇಟ್ ಇಲ್ಲ ಅಂದಾಗ ಲೈಫ್‌ಟೈಮ್ ಅಂತ ನಂಬಿ ಕೊಂಡವರು ಸಿಟ್ಟಾಗಿದ್ದರು. ನಿಮಗೆ ಬೇಕಾದ ಮಾಡೆಲ್‌ಗೆ ಈಗಲೂ ಅಪ್‌ಡೇಟ್ ಬರುತ್ತಿದೆಯಾ ಅಂತ ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಸೆಕೆಂಡ್‌ಹ್ಯಾಂಡ್ ತಗೊಳ್ಳುವವರು ಇನ್ನೂ ಹುಷಾರಾಗಿರಬೇಕು. ಜಿಪಿಎಸ್‌ನ ಮೂಲ ಸಂಕೇತದಲ್ಲಿ ವಾರಗಳ ಎಣಿಕೆ 1024ಕ್ಕೆ ಮುಗಿದು ಮತ್ತೆ ಸೊನ್ನೆಗೆ ಬರುತ್ತದೆ. ಕಳೆದ ಸಲ ಹಾಗಾದದ್ದು 2019ರ ಏಪ್ರಿಲ್ 6ರ ರಾತ್ರಿ. ಇದಕ್ಕೆ ಸಿದ್ಧವಿಲ್ಲದ ಹಳೆಯ ಸಾಧನಗಳು ದಿನಾಂಕ ತಪ್ಪಾಗಿ ತೋರಿಸತೊಡಗಿದವು, ತಲುಪುವ ಸಮಯದ ಲೆಕ್ಕವೂ ಕೆಟ್ಟಿತು. ಮಾರುವವರ ಎದುರಿಗೇ ಸಾಧನವನ್ನು ಹೊರಗೆ ಬಯಲಿಗೆ ತಂದು ಆನ್ ಮಾಡಿಸಿ, ಉಪಗ್ರಹ ಸಿಗುವ ತನಕ ಕಾಯಿರಿ, ದಿನಾಂಕ ನೋಡಿ. ಅದು 1024 ವಾರ, ಅಂದರೆ ಸುಮಾರು 19 ವರ್ಷ 7 ತಿಂಗಳು ಹಿಂದಿನದ್ದನ್ನು ತೋರಿಸುತ್ತಿದ್ದರೆ, ಎಷ್ಟೇ ಕಡಿಮೆಗೆ ಕೊಟ್ಟರೂ ತಗೊಳ್ಳಬೇಡಿ.